ಹಣ ಕೊಟ್ಟು ವಾರಂಟ್ ಹುಡುಕುವ ಜಾಲತಾಣ: ಅಮೆರಿಕದ ಒಂದು ಸೇವೆಯ ವಿಮರ್ಶೆ

ಹೆಸರು ಮತ್ತು ರಾಜ್ಯ ತಿಳಿಸಿದರೆ ಸಾಕು, ಆ ವ್ಯಕ್ತಿಯ ಮೇಲೆ ವಾರಂಟ್ ಇದೆಯೇ ಇಲ್ಲವೇ ಎಂಬುದನ್ನು ಹೇಳುತ್ತೇವೆ ಎಂದು ಭರವಸೆ ಕೊಡುವ ಖಾಸಗಿ ಜಾಲತಾಣಗಳು ಅಮೆರಿಕದಲ್ಲಿ ಹಲವಾರಿವೆ. ಅವುಗಳಲ್ಲಿ ಒಂದಕ್ಕೆ ಚಂದಾದಾರನಾಗಿ, ನನ್ನ ಹೆಸರನ್ನೂ ಒಪ್ಪಿಗೆ ಕೊಟ್ಟ ಕೆಲವು ಪರಿಚಿತರ ಹೆಸರುಗಳನ್ನೂ ಹುಡುಕಿ ನೋಡಿದ್ದೇನೆ. ಕಂಪನಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅದರ ಮುಖಪುಟದಲ್ಲಿ ದಪ್ಪ ಅಕ್ಷರಗಳಲ್ಲಿ ಕಾಣುವುದು ‘ಸರ್ಚ್ ವಾರಂಟ್ ದಾಖಲೆಗಳು’ ಎಂಬ ಮಾತು, ಅಂದರೆ ಮನೆ ಮುಂತಾದ ಜಾಗಗಳನ್ನು ಶೋಧಿಸಲು ನ್ಯಾಯಾಧೀಶರು ಕೊಡುವ ಅನುಮತಿಯ ದಾಖಲೆಗಳು. ಆದರೆ ಆ ದಾಖಲೆಗಳು ಅವರ ಬಳಿ ಇಲ್ಲ, ಇರುವುದಕ್ಕೂ ಸಾಧ್ಯವಿಲ್ಲ ಎಂಬುದೇ ಈ ಸೇವೆಯ ಮೇಲೆ ನನಗಿರುವ ಮುಖ್ಯ ಆಕ್ಷೇಪ.

ಸಾಧ್ಯವಿಲ್ಲ ಏಕೆ ಎಂಬುದು ಸರ್ಚ್ ವಾರಂಟ್ ಹುಟ್ಟುವ ಬಗೆಯನ್ನು ನೋಡಿದರೆ ತಿಳಿಯುತ್ತದೆ. 1791ರಲ್ಲಿ ಜಾರಿಗೆ ಬಂದ ಸಂವಿಧಾನದ ನಾಲ್ಕನೇ ತಿದ್ದುಪಡಿಯ ಪ್ರಕಾರ, ಅಪರಾಧದ ಕುರುಹು ಇಂಥ ಜಾಗದಲ್ಲಿ ಸಿಗುತ್ತದೆ ಎಂದು ನಂಬಲು ಸಾಕಷ್ಟು ಆಧಾರವಿದೆ ಎಂಬುದನ್ನು ಪೊಲೀಸ್ ಅಧಿಕಾರಿ ಪ್ರಮಾಣ ಮಾಡಿ ತಿಳಿಸಬೇಕು, ಮತ್ತು ಶೋಧಿಸುವ ಜಾಗವನ್ನೂ ವಶಪಡಿಸಿಕೊಳ್ಳುವ ವಸ್ತುಗಳನ್ನೂ ವಾರಂಟಿನಲ್ಲಿ ನಿರ್ದಿಷ್ಟವಾಗಿ ಹೇಳಿರಬೇಕು. ಅಧಿಕಾರಿ ಅಫಿಡವಿಟ್ಟನ್ನು ನ್ಯಾಯಾಧೀಶರ ಮುಂದಿಡುವಾಗ ಶೋಧಕ್ಕೆ ಗುರಿಯಾದವರಿಗೆ ಅದರ ಸುಳಿವೇ ಇರುವುದಿಲ್ಲ. ಮುಂಚಿತವಾಗಿ ಗೊತ್ತಾದರೆ ಸಾಕ್ಷ್ಯ ಮಾಯವಾಗಬಹುದು ಎಂಬ ಕಾರಣಕ್ಕೆ, ಶೋಧ ಮುಗಿಯುವ ತನಕ ಕಾಗದಪತ್ರಗಳನ್ನು ಸಾಮಾನ್ಯವಾಗಿ ಗುಟ್ಟಾಗಿಯೇ ಇಡಲಾಗುತ್ತದೆ. ನ್ಯಾಯಾಲಯವೇ ಮುಚ್ಚಿಟ್ಟಿರುವ ಕಡತವನ್ನು ಚಂದಾ ಕಟ್ಟಿದವರಿಗೆ ತೆರೆದು ತೋರಿಸುತ್ತೇವೆ ಎಂದರೆ ನಂಬುವುದು ಹೇಗೆ?

ಇದಲ್ಲದೆ ಸರ್ಚ್ ವಾರಂಟಿನ ಆಯುಷ್ಯವೂ ಬಹಳ ಕಡಿಮೆ. ಫೆಡರಲ್ (ಕೇಂದ್ರ ಸರ್ಕಾರದ ಮಟ್ಟದ) ಕ್ರಿಮಿನಲ್ ಪ್ರಕ್ರಿಯೆಯ 41ನೇ ನಿಯಮದ ಪ್ರಕಾರ ಅದನ್ನು ಹೆಚ್ಚೆಂದರೆ 14 ದಿನಗಳೊಳಗೆ ಜಾರಿ ಮಾಡಬೇಕು. ನ್ಯಾಯಾಧೀಶರು ಸಕಾರಣವಾಗಿ ಬೇರೆ ಹೊತ್ತಿಗೆ ಅನುಮತಿ ಕೊಡದಿದ್ದರೆ ಬೆಳಿಗ್ಗೆ 6ರಿಂದ ರಾತ್ರಿ 10ರ ನಡುವೆ ಮಾತ್ರ ಶೋಧ ನಡೆಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಈ ಅವಧಿ 10 ದಿನ. ಶೋಧ ಮುಗಿದ ಮೇಲೆ ವಾರಂಟಿನ ಪ್ರತಿಯನ್ನೂ ತೆಗೆದುಕೊಂಡು ಹೋದ ವಸ್ತುಗಳ ರಸೀದಿಯನ್ನೂ ಮನೆಯವರಿಗೆ ಕೊಡಬೇಕು, ಯಾರೂ ಇಲ್ಲದಿದ್ದರೆ ಅಲ್ಲಿಯೇ ಇಟ್ಟು ಹೋಗಬೇಕು. ಅಂದರೆ ಸರ್ಚ್ ವಾರಂಟಿನ ವಿಷಯ ಸಾಮಾನ್ಯವಾಗಿ ಮನೆಯವರಿಗೆ ಗೊತ್ತಾಗುವುದು ಬಾಗಿಲು ಬಡಿದಾಗಲೇ ಹೊರತು ಜಾಲತಾಣದಿಂದಲ್ಲ. ತಡವಾಗಿ ತಿಳಿಸಲು ನ್ಯಾಯಾಲಯ ಅನುಮತಿ ಕೊಡುವ ಪ್ರಕರಣಗಳೂ ಇವೆ. ಅಲ್ಲಂತೂ ಬಾಗಿಲು ಬಡಿದ ಸದ್ದೂ ಇರುವುದಿಲ್ಲ.

ಸೇವೆಯವರು ‘ಸರ್ಚ್ ವಾರಂಟ್ ಹೇಗೆ ಕೆಲಸ ಮಾಡುತ್ತದೆ’ ಎಂಬ ವಿವರಣೆಯ ಪುಟವೊಂದನ್ನು ಇಟ್ಟಿದ್ದಾರೆ. ಭಾಷೆ ಸರಳವಾಗಿದೆ, ತಪ್ಪುಗಳು ಹೆಚ್ಚಿಲ್ಲ, ಆದರೆ ಓದುಗನಿಗೆ ನಿಜಕ್ಕೂ ಬೇಕಾದದ್ದು ಬಿಟ್ಟುಹೋಗಿದೆ. ವಾರಂಟಿನಲ್ಲಿ ಏನನ್ನು ನೋಡಬೇಕು ಎಂಬುದಕ್ಕೆ 2004ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಗ್ರೋ ವಿರುದ್ಧ ರಾಮಿರೆಜ್ ಪ್ರಕರಣಕ್ಕಿಂತ ಒಳ್ಳೆಯ ಪಾಠವಿಲ್ಲ. ಮೊಂಟಾನಾದ ಒಂದು ರ‍್ಯಾಂಚಿನಲ್ಲಿ ಅಕ್ರಮ ಶಸ್ತ್ರಾಸ್ತ್ರಗಳನ್ನು ಹುಡುಕಲು ಹೊರಟ ಫೆಡರಲ್ ಅಧಿಕಾರಿ, ವಶಪಡಿಸಿಕೊಳ್ಳಬೇಕಾದ ವಸ್ತುಗಳನ್ನು ಬರೆಯುವ ಜಾಗದಲ್ಲಿ ಶಸ್ತ್ರಗಳ ಬದಲು ಆ ನೀಲಿ ಬಣ್ಣದ ಎರಡಂತಸ್ತಿನ ಮನೆಯ ವರ್ಣನೆಯನ್ನೇ ಬರೆದಿದ್ದರು. ಮ್ಯಾಜಿಸ್ಟ್ರೇಟ್ ಅದಕ್ಕೆ ಸಹಿಯನ್ನೂ ಹಾಕಿದ್ದರು. ಅರ್ಜಿಯಲ್ಲಿ ಶಸ್ತ್ರಗಳ ಪಟ್ಟಿ ಸರಿಯಾಗಿಯೇ ಇದ್ದರೂ ವಾರಂಟಿನಲ್ಲಿ ಇಲ್ಲದ ಕಾರಣ ಅದು ಸಿಂಧುವಲ್ಲ ಎಂದು ನ್ಯಾಯಾಲಯ ಹೇಳಿತು. ವಿಳಾಸ, ವಸ್ತುಗಳ ಪಟ್ಟಿ, ದಿನಾಂಕ, ನ್ಯಾಯಾಧೀಶರ ಸಹಿ, ಇವನ್ನು ಓದಿ ನೋಡಬೇಕು ಎಂಬ ಒಂದು ವಾಕ್ಯವನ್ನಾದರೂ ಆ ಪುಟದಲ್ಲಿ ಹಾಕಬಹುದಿತ್ತು. ಮೊಬೈಲ್ ಫೋನಿನ ವಿಷಯವೂ ಅಲ್ಲಿಲ್ಲ. ಬಂಧಿತನ ಫೋನನ್ನು ಜಾಲಾಡಲು ಸಾಮಾನ್ಯವಾಗಿ ವಾರಂಟ್ ಬೇಕು ಎಂದು ನ್ಯಾಯಾಲಯ 2014ರಲ್ಲಿಯೂ, ಫೋನ್ ಕಂಪನಿಯಿಂದ ಹಳೆಯ ಸ್ಥಳ ಮಾಹಿತಿಯನ್ನು ತರಿಸಿಕೊಳ್ಳಲೂ ಸಾಮಾನ್ಯವಾಗಿ ಬೇಕು ಎಂದು 2018ರಲ್ಲಿಯೂ ಹೇಳಿದೆ. ವಲಸೆ ಇಲಾಖೆಯ ವಾರಂಟುಗಳಿಗೆ ಸಹಿ ಹಾಕುವವರು ಆ ಇಲಾಖೆಯ ಅಧಿಕಾರಿಗಳೇ ಹೊರತು ನ್ಯಾಯಾಧೀಶರಲ್ಲ ಎಂಬುದನ್ನು ವೀಸಾದ ಮೇಲಿರುವ ನಮ್ಮವರು ತಿಳಿದಿರಬೇಕು. ಆ ಪುಟ ಅದನ್ನೂ ಹೇಳುವುದಿಲ್ಲ.

ಹಾಗಾದರೆ ಈ ತಾಣ ತೋರಿಸುವುದೇನು? ಬಂಧನ ವಾರಂಟುಗಳು, ಮತ್ತು ಕೋರ್ಟಿಗೆ ಹಾಜರಾಗದವರ ಮೇಲೆ ನ್ಯಾಯಾಧೀಶರು ಹೊರಡಿಸುವ ಬೆಂಚ್ ವಾರಂಟುಗಳು. ಇವು ಸಾಮಾನ್ಯವಾಗಿ ತಾವಾಗಿ ರದ್ದಾಗುವುದಿಲ್ಲ. ಸಂಚಾರ ದಂಡದ ಚೀಟಿಯೊಂದನ್ನು ಮರೆತು ಬೇರೆ ರಾಜ್ಯಕ್ಕೆ ಮನೆ ಬದಲಿಸಿದವರ ಮೇಲೆ ಇಂಥದೊಂದು ವರ್ಷಗಟ್ಟಲೆ ಬಾಕಿ ಇರಬಹುದು. ಆದ್ದರಿಂದ ಹುಡುಕುವ ಅಗತ್ಯವೇನೋ ನಿಜವಾದದ್ದೇ. ಪೊಲೀಸರು ನೋಡುವ ರಾಷ್ಟ್ರಮಟ್ಟದ ಕೋಶ, ಎಫ್‌ಬಿಐ 1967ರಿಂದ ನಡೆಸುತ್ತಿರುವ ಎನ್‌ಸಿಐಸಿ, ಸಾರ್ವಜನಿಕರಿಗೆ ತೆರೆದಿಲ್ಲ. ಖಾಸಗಿ ತಾಣಗಳು ಮಾಡುವುದು ಕೌಂಟಿಗಳು (ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳು) ಪ್ರಕಟಿಸಿರುವ ದಾಖಲೆಗಳನ್ನೂ ದಲ್ಲಾಳಿಗಳಿಂದ ಕೊಂಡ ಮಾಹಿತಿಯನ್ನೂ ಒಟ್ಟುಮಾಡಿ ಕೊಡುವ ಕೆಲಸವನ್ನಷ್ಟೇ.

ಆ ಕೆಲಸವನ್ನಾದರೂ ಚೆನ್ನಾಗಿ ಮಾಡುತ್ತಾರೆಯೇ ಎಂದರೆ, ಇಲ್ಲ. ಹೆಸರು ಟೈಪಿಸಿದ ಕೂಡಲೇ ತೆರೆಯ ಮೇಲೆ ಹಸಿರು ಪಟ್ಟಿಯೊಂದು ತೆವಳತೊಡಗುತ್ತದೆ. ‘ಬಂಧನ ದಾಖಲೆಗಳನ್ನು ಪರಿಶೀಲಿಸಲಾಗುತ್ತಿದೆ’, ‘ಎಚ್ಚರಿಕೆ, ಸೂಕ್ಷ್ಮ ಮಾಹಿತಿ ಸಿಗಬಹುದು’ ಎಂದು ಒಂದೊಂದಾಗಿ ಮೂಡಿಸುತ್ತ ನಮ್ಮನ್ನು ಕಾಯಿಸುತ್ತದೆ. ಎದೆಬಡಿತ ಸಾಕಷ್ಟು ಏರಿದ ಮೇಲೆ ಕಾರ್ಡ್ ಸಂಖ್ಯೆ ಕೇಳುವ ಪುಟ ಬರುತ್ತದೆ. ಒಂದು ಡಾಲರಿನ ಪ್ರಯೋಗಾವಧಿ ಮುಗಿದ ಮೇಲೆ ತಿಂಗಳ ಚಂದಾ ತಾನಾಗಿಯೇ ಶುರುವಾಗುತ್ತದೆ ಎಂಬುದು ಅಡಿಯಲ್ಲಿ ಸಣ್ಣಕ್ಷರಗಳಲ್ಲಿದೆ. ನನ್ನ ವರದಿಯಲ್ಲಿ ನನ್ನ ಹೆಸರಿನವರೇ ಆದ ಬೇರೆ ವಯಸ್ಸಿನ, ನಾನು ಕಾಲಿಡದ ರಾಜ್ಯಗಳ ಜನರ ಸಂಚಾರ ಪ್ರಕರಣಗಳು ‘ಸಂಭವನೀಯ ಕ್ರಿಮಿನಲ್ ದಾಖಲೆ’ ಎಂಬ ತಲೆಬರಹದಡಿ ಸೇರಿಕೊಂಡಿದ್ದವು. ಇನಿಷಿಯಲ್ ಇಟ್ಟುಕೊಳ್ಳುವ, ತಂದೆಯ ಹೆಸರೇ ಕೊನೆಯ ಹೆಸರಾಗಿ ದಾಖಲಾಗಿರುವ ನಮ್ಮಂಥವರ ಗತಿ ಇನ್ನೂ ಕಷ್ಟ. ಇದು ಒಬ್ಬರ ಅನುಭವವಷ್ಟೇ ಅಲ್ಲ: ಬರೀ ಸಂಚಾರ ದಂಡವಿದ್ದವರನ್ನೂ ಅಪರಾಧ ದಾಖಲೆಯುಳ್ಳವರಂತೆ ಬಿಂಬಿಸಿದ್ದೂ ಸೇರಿದಂತೆ ಹಲವು ಆರೋಪಗಳ ಮೇಲೆ ಇದೇ ವ್ಯವಹಾರದ ಕಂಪನಿಗಳ ವಿರುದ್ಧ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಪ್ರಕರಣವೊಂದು 2023ರಲ್ಲಿ 58 ಲಕ್ಷ ಡಾಲರ್ ದಂಡದೊಂದಿಗೆ ಇತ್ಯರ್ಥವಾಯಿತು.

ಇದೇ ಮಾಹಿತಿ ಮೂಲದಲ್ಲಿಯೇ ಸಿಗುತ್ತದೆ, ಹೆಚ್ಚಿನ ಕಡೆ ಉಚಿತವಾಗಿ. ಅನೇಕ ಕೌಂಟಿಗಳ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಕಚೇರಿಗಳು ಬಾಕಿ ವಾರಂಟುಗಳನ್ನು ಹುಡುಕುವ ಪುಟ ಇಟ್ಟಿವೆ; ಕೌಂಟಿ ಕೋರ್ಟಿನ ಕ್ಲರ್ಕ್ ಕಚೇರಿಯಲ್ಲಿ ಹೆಸರು ಅಥವಾ ಪ್ರಕರಣ ಸಂಖ್ಯೆ ಕೊಟ್ಟು ವಿಚಾರಿಸಬಹುದು. ಫೆಡರಲ್ ಪ್ರಕರಣಗಳಿಗೆ ಪೇಸರ್ ಎಂಬ ವ್ಯವಸ್ಥೆಯಿದೆ. ಅದು ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್ ವಿಧಿಸುತ್ತದೆ. ಮೂರು ತಿಂಗಳ ಅವಧಿಯಲ್ಲಿ ಮೊತ್ತ 30 ಡಾಲರ್ ಮೀರದಿದ್ದರೆ ಅದೂ ಮನ್ನಾ. ಪೇಸರಿನ ವಿನ್ಯಾಸ ಹಳೆಯ ಕಾಲದ್ದು, ಬಳಸಲು ತಾಳ್ಮೆ ಬೇಕು, ಆದರೆ ತೆರೆದುಕೊಳ್ಳುವುದು ನ್ಯಾಯಾಲಯದ್ದೇ ಕಡತ. ಮುಚ್ಚಿಟ್ಟ ಸರ್ಚ್ ವಾರಂಟನ್ನು ತೆರೆಯುವ ಅಧಿಕಾರ ನ್ಯಾಯಾಧೀಶರದ್ದು ಎಂಬುದಕ್ಕೆ ಡೊನಾಲ್ಡ್ ಟ್ರಂಪ್ ಅವರ ಫ್ಲಾರಿಡಾದ ನಿವಾಸ ಮಾರ್-ಎ-ಲಾಗೊದ ಪ್ರಕರಣ ಎಲ್ಲರೂ ಕಂಡ ಉದಾಹರಣೆ: 2022ರ ಆಗಸ್ಟ್ 8ರಂದು ಶೋಧ ನಡೆಯಿತು, 12ರಂದು ವಾರಂಟ್ ಬಹಿರಂಗವಾಯಿತು, ಅಫಿಡವಿಟ್ ಹೊರಬಂದದ್ದು 26ರಂದು, ಅದೂ ಹಲವು ಸಾಲುಗಳಿಗೆ ಕಪ್ಪು ಬಳಿದು.

ಹುಡುಕುವವರಿಗೆ ಈ ಸೇವೆ ಹೇಳದ ಮಾತೊಂದಿದೆ. ತನ್ನ ಮೇಲೆ ವಾರಂಟ್ ಇದೆಯೇ ಎಂದು ಕೇಳಲು ನೇರವಾಗಿ ಶೆರಿಫ್ ಕಚೇರಿಗೆ ಹೋದರೆ, ಇದ್ದ ಪಕ್ಷದಲ್ಲಿ ಅಲ್ಲಿಯೇ ಬಂಧಿಸಬಹುದು. ಅನುಮಾನವಿರುವವರು ವಕೀಲರ ಮೂಲಕ ವಿಚಾರಿಸಿ, ವಾರಂಟ್ ರದ್ದತಿಗೆ ಅರ್ಜಿ ಹಾಕಿಸುವುದು ಲೇಸು. ‘ನಿಮ್ಮ ಮೇಲೆ ವಾರಂಟ್ ಇದೆ, ಈಗಲೇ ಗಿಫ್ಟ್ ಕಾರ್ಡಿನಲ್ಲಿ ಹಣ ಕಟ್ಟಿ’ ಎಂದು ಫೋನ್ ಬಂದರೆ ಅದು ಮೋಸವೇ. ಯಾವ ನ್ಯಾಯಾಲಯವೂ ಹಾಗೆ ಹಣ ಕೇಳುವುದಿಲ್ಲ. ಬಾಡಿಗೆದಾರರನ್ನೋ ಕೆಲಸದವರನ್ನೋ ಆಯ್ಕೆ ಮಾಡಲು ಇಂಥ ವರದಿ ಬಳಸಬಾರದು ಎಂದು ತಾಣದ ಷರತ್ತುಗಳಲ್ಲಿಯೇ ಇದೆ, ಏಕೆಂದರೆ ವ್ಯಕ್ತಿಗಳ ಹಿನ್ನೆಲೆ ವರದಿಗಳನ್ನು ನಿಯಂತ್ರಿಸುವ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆ ಅಂಥ ಬಳಕೆಗೆ ವಿಧಿಸುವ ಹೊಣೆಗಳನ್ನು ಅವರು ಹೊರಲು ಸಿದ್ಧರಿಲ್ಲ.

ಒಳ್ಳೆಯ ಅಂಶ ಒಂದುಂಟು. ಹಲವು ರಾಜ್ಯಗಳಲ್ಲಿ ವಾಸವಿದ್ದವರಿಗೆ ಯಾವ ಕೌಂಟಿಯಿಂದ ಹುಡುಕಾಟ ಆರಂಭಿಸಬೇಕು ಎಂಬ ಸುಳಿವು ಈ ವರದಿಯ ಹಳೆಯ ವಿಳಾಸಗಳ ಪಟ್ಟಿಯಿಂದ ಸಿಗಬಹುದು. ಅಷ್ಟಕ್ಕೆ ತಿಂಗಳ ಚಂದಾ ಕಟ್ಟುವುದು ದುಬಾರಿ. ನನ್ನ ಚಂದಾ ರದ್ದುಮಾಡುವಾಗ ರಿಯಾಯಿತಿಯ ಆಮಿಷಗಳ ಪುಟಗಳನ್ನು ದಾಟಬೇಕಾಯಿತು. ಮುಖಪುಟದ ತೀರಾ ಕೆಳಗೆ ನಮ್ಮ ವಿವರಗಳನ್ನು ತೆಗೆದುಹಾಕಲು ಕೋರುವ ಕೊಂಡಿಯೊಂದಿದೆ. ಅದಕ್ಕೆ ಚಂದಾ ಬೇಕಿಲ್ಲ, ಇಮೇಲ್ ವಿಳಾಸ ಕೊಟ್ಟರೆ ಸಾಕು, ಮತ್ತು ಇಡೀ ತಾಣದಲ್ಲಿ ಹೇಳಿದಂತೆ ನಡೆದುಕೊಂಡ ಭಾಗ ಅದೊಂದೇ.