ಮಲ್ಲಿಗೆ ಬುಕ್ಕಿಂಗ್ ಆ್ಯಪ್‌ಗೆ ಮೂರು ಡೇಟಾಬೇಸ್: ಬಳಸಿ ನೋಡಿದ ಮೇಲೆ

ಉಡುಪಿ ಸಮೀಪದ ಶಂಕರಪುರದಲ್ಲಿ ಹೂವಿನ ವ್ಯಾಪಾರ ಮಾಡುವ ನನ್ನ ಸೋದರಮಾವನಿಗಾಗಿ ನಾನು ಬರೆದ ವೆಬ್ ಆ್ಯಪ್ ಬಹಳ ಚಿಕ್ಕದು. ಮಾವ ದಿನದ ಮಲ್ಲಿಗೆ ದರವನ್ನು ಅದರಲ್ಲಿ ಹಾಕುತ್ತಾರೆ. ಉಡುಪಿ, ಮಂಗಳೂರಿನ ಅಂಗಡಿಯವರು ತಮಗೆ ಎಷ್ಟು ಅಟ್ಟೆ, ಎಷ್ಟು ಚೆಂಡು (ಇಲ್ಲಿ ಮಲ್ಲಿಗೆ ಮಾರುವ ಅಳತೆಗಳು) ಬೇಕೆಂದು ಬುಕ್ ಮಾಡುತ್ತಾರೆ. ಒಂದು ವರ್ಷದಲ್ಲಿ ಇದನ್ನು ಬುಕ್ಕಿಂಗ್‌ಗಳನ್ನು ಉಳಿಸಿಡುವ ಮೂರು ಡೇಟಾಬೇಸ್‌ಗಳಿಗೆ ಜೋಡಿಸಿ ನೋಡಿದ್ದೇನೆ: ಒಂದು ಕಂಪನಿಯಿಂದ ತಿಂಗಳ ಬಾಡಿಗೆಗೆ ಪಡೆದ ಮೈಎಸ್‌ಕ್ಯೂಎಲ್, ಆ್ಯಪ್ ಇರುವ ಸರ್ವರ್‌ನಲ್ಲೇ ಹಾಕಿಕೊಂಡ ಪೋಸ್ಟ್‌ಗ್ರೆಸ್, ಕೊನೆಗೆ ಎಸ್‌ಕ್ಯೂಎಲೈಟ್. ಈಗ ಉಳಿದಿರುವುದು ಎಸ್‌ಕ್ಯೂಎಲೈಟ್; ಅದನ್ನು ಬಿಡುವ ಮನಸ್ಸು ನನಗಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ.

ಬಾಡಿಗೆಯ ಮೈಎಸ್‌ಕ್ಯೂಎಲ್ ಹಗಲಿಡೀ ಚೆನ್ನಾಗಿ ನಡೆಯುತ್ತಿತ್ತು. ಆದರೆ ಬೆಳಿಗ್ಗೆ ಆರಕ್ಕೆ ಮಾವ ರಾತ್ರಿಯ ಬುಕ್ಕಿಂಗ್ ನೋಡಲು ಪುಟ ತೆರೆದರೆ ದೋಷ ಬರುತ್ತಿತ್ತು. ಮತ್ತೊಮ್ಮೆ ತೆರೆದರೆ ಕೆಲವೊಮ್ಮೆ ಸರಿ, ಕೆಲವೊಮ್ಮೆ ಮತ್ತೆ ದೋಷ. ಅವರು ನನಗೆ ಫೋನ್ ಮಾಡಿ, ನಾನು ಕಣ್ಣುಜ್ಜಿಕೊಂಡು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಎಲ್ಲವೂ ಸರಿಯಾಗಿರುತ್ತಿತ್ತು. ಸರ್ವರ್ ಮರುಚಾಲನೆ ಮಾಡಿದೆ, ಕೋಡ್ ತಿದ್ದಿದೆ. ನವರಾತ್ರಿಯ ದಿನಗಳಲ್ಲಿ ತೊಂದರೆ ತಾನಾಗಿಯೇ ನಿಂತಾಗ ಗೆದ್ದೆನೆಂದುಕೊಂಡೆ. ಹಬ್ಬ ಮುಗಿದ ವಾರದಲ್ಲೇ ಮತ್ತೆ ಫೋನ್ ಬಂತು.

ಆ್ಯಪ್‌ನ ದೋಷಗಳು ದಾಖಲಾಗುವ ಲಾಗ್‌ನಲ್ಲಿ ಇದ್ದದ್ದು 2006ನೆಯ ಸಂಖ್ಯೆಯ ದೋಷ, ಅಂದರೆ ‘ಸರ್ವರ್ ಹ್ಯಾಸ್ ಗಾನ್ ಅವೇ’. ಮೈಎಸ್‌ಕ್ಯೂಎಲ್‌ನ ‘ವೆಯ್ಟ್ ಟೈಮ್‌ಔಟ್’ ಎಂಬ ಸೆಟ್ಟಿಂಗ್ ಮೊದಲಿನಿಂದಲೇ 28,800 ಸೆಕೆಂಡ್, ಅಂದರೆ ಸರಿಯಾಗಿ 8 ಗಂಟೆ ಇರುತ್ತದೆ. ಅಷ್ಟು ಹೊತ್ತು ಕೆಲಸವಿಲ್ಲದೆ ಕುಳಿತ ಕನೆಕ್ಷನ್ನನ್ನು ಸರ್ವರ್ ಕಡಿದುಹಾಕುತ್ತದೆ. ನನ್ನ ಆ್ಯಪ್ ಮಾತ್ರ ಆ ಸತ್ತ ಕನೆಕ್ಷನ್ನನ್ನು ಜೀವಂತವೆಂದು ನಂಬಿ ಪೂಲ್‌ನಲ್ಲಿ (ಮತ್ತೆ ಮತ್ತೆ ಬಳಸಲು ತೆರೆದಿಟ್ಟ ಕನೆಕ್ಷನ್‌ಗಳ ಗುಂಪಿನಲ್ಲಿ) ಇಟ್ಟುಕೊಂಡಿರುತ್ತಿತ್ತು. ರಾತ್ರಿ ಒಂಬತ್ತೂವರೆಗೆ ಕೊನೆಯ ಬುಕ್ಕಿಂಗ್, ಬೆಳಿಗ್ಗೆ ಆರಕ್ಕೆ ಮಾವ: ನಡುವೆ ಎಂಟೂವರೆ ಗಂಟೆ. ನವರಾತ್ರಿಯಲ್ಲಿ ಅಂಗಡಿಯವರು ಹನ್ನೊಂದರ ನಂತರವೂ ಬುಕ್ ಮಾಡುತ್ತಿದ್ದುದರಿಂದ ಆ ಅಂತರ ಎಂಟು ಗಂಟೆಯನ್ನು ದಾಟಲೇ ಇಲ್ಲ. ಆ್ಯಪ್‌ನ ನಾಲ್ಕು ವರ್ಕರ್‌ಗಳಿಗೂ (ಒಟ್ಟೊಟ್ಟಿಗೆ ಓಡುವ ಅದರ ಪ್ರತಿಗಳಿಗೂ) ಬೇರೆ ಬೇರೆ ಪೂಲ್ ಇದ್ದದ್ದರಿಂದ, ಒಂದು ಸರಿಹೋದರೂ ಮುಂದಿನ ಕ್ಲಿಕ್ ಇನ್ನೊಂದು ಸತ್ತ ಕನೆಕ್ಷನ್‌ಗೆ ಬೀಳುತ್ತಿತ್ತು. ಹಗಲಿನಲ್ಲಿ ನೂರು ಸಲ ಪರೀಕ್ಷಿಸಿದರೂ ಇದು ಸಿಗುವಂಥದ್ದಲ್ಲ.

ಪರಿಹಾರ ಒಂದೇ ಸಾಲು. ಆ್ಯಪ್‌ನಿಂದ ಡೇಟಾಬೇಸ್ ಜೊತೆ ಮಾತಾಡಲು ನಾನು ಬಳಸುವ ಎಸ್‌ಕ್ಯೂಎಲ್‌ಆಲ್ಕೆಮಿ ಎಂಬ ಪೈಥಾನ್ ಲೈಬ್ರರಿಯಲ್ಲಿ ‘ಪೂಲ್ ಪ್ರೀ ಪಿಂಗ್’ ಎಂಬುದನ್ನು ಆನ್ ಮಾಡಿದರೆ, ಪೂಲ್‌ನಿಂದ ಕನೆಕ್ಷನ್ ತೆಗೆದುಕೊಡುವ ಮುನ್ನ ಅದು ಬದುಕಿದೆಯೇ ಎಂದು ತಟ್ಟಿ ನೋಡುತ್ತದೆ. ಆದ್ದರಿಂದ ತಪ್ಪು ಮೈಎಸ್‌ಕ್ಯೂಎಲ್‌ನದ್ದಲ್ಲ, ನನ್ನದೇ. ಆದರೂ ನಾನು ಅಲ್ಲಿ ನಿಲ್ಲಲಿಲ್ಲ. ಡೇಟಾಬೇಸ್‌ನ ಬಾಡಿಗೆ ಆ್ಯಪ್ ಸರ್ವರ್‌ನ ಬಾಡಿಗೆಯ ಎರಡರಷ್ಟಿತ್ತು. ಜೊತೆಗೆ ಪಟ್ಟಿಯಲ್ಲಿರುವ ಐಪಿ ವಿಳಾಸಗಳಿಗೆ ಮಾತ್ರ ಪ್ರವೇಶವಿದ್ದು, ಮನೆಯ ಬ್ರಾಡ್‌ಬ್ಯಾಂಡ್‌ನ ಐಪಿ ಬದಲಾದಾಗಲೆಲ್ಲ ಆ ಪಟ್ಟಿಯನ್ನು ತಿದ್ದಬೇಕಾಗಿತ್ತು.

ಪೋಸ್ಟ್‌ಗ್ರೆಸ್ ಬಗ್ಗೆ ದೂರು ಹೇಳುವುದಕ್ಕಿಲ್ಲ. ಸರ್ವರ್‌ನಲ್ಲಿರುವ ಉಬುಂಟು ಲಿನಕ್ಸ್‌ನಲ್ಲಿ, ನೆಟ್‌ವರ್ಕ್ ಬಿಟ್ಟು ಅದೇ ಯಂತ್ರದೊಳಗಿನ ಸಾಕೆಟ್ ಮೂಲಕ ಬಂದರೆ ಡೇಟಾಬೇಸ್ ಬಳಕೆದಾರನ ಹೆಸರೂ ಲಿನಕ್ಸ್ ಬಳಕೆದಾರನ ಹೆಸರೂ ಒಂದೇ ಇರಬೇಕೆಂದು ಅದು ಹಟ ಹಿಡಿದು ನನ್ನ ಒಂದು ಸಂಜೆಯನ್ನು ತಿಂದಿತು, ಅಷ್ಟೇ. ಪ್ರತಿ ಕನೆಕ್ಷನ್‌ಗೂ ಅದು ಮೆಮೊರಿ ಬೇಡುವ ಒಂದು ಪ್ರತ್ಯೇಕ ಪ್ರೊಸೆಸ್ ತೆರೆಯುತ್ತದೆ. ಒಂದು ಜಿಬಿ ಮೆಮೊರಿಯ ನನ್ನ ಸರ್ವರ್‌ಗೆ, ದಿನಕ್ಕೆ ಮುನ್ನೂರು ಬುಕ್ಕಿಂಗ್ ದಾಟದ ವ್ಯಾಪಾರಕ್ಕೆ, ಅದು ಹೆಚ್ಚೆನಿಸಿತು. ಮುಂದೆ ಎರಡು ಸರ್ವರ್ ಬೇಕಾಗಿ ಬಂದರೆ ಇದಕ್ಕೇ ಮರಳುತ್ತೇನೆ.

ಎಸ್‌ಕ್ಯೂಎಲೈಟ್‌ಗೆ ಜೋಡಿಸುವುದೆಂದರೆ ಒಂದು ಕಡತದ ದಾರಿಯನ್ನು ಬರೆಯುವುದು. ನೆಟ್‌ವರ್ಕ್, ಪಾಸ್‌ವರ್ಡ್, ಪೋರ್ಟ್ ಯಾವುದೂ ಇಲ್ಲ. ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದೆಂಬ ಮಿತಿ ದರ ಬಂದ ಕೂಡಲೇ ನುಗ್ಗುವ ಅಂಗಡಿಯವರಿಗೆ ಅಡ್ಡಿಯಾದೀತೆಂದು ಅಂಜಿದ್ದೆ. ಹೊಸ ಬರಹವನ್ನು ಮೊದಲು ಪಕ್ಕದ ಒಂದು ಕಡತಕ್ಕೆ ಸೇರಿಸುವ ವಾಲ್ ಮೋಡ್ ಹಾಕಿದ ಮೇಲೆ ಓದುವವರು ಬರೆಯುವವರಿಗಾಗಿ ಕಾಯಬೇಕಾಗಿಲ್ಲ. ‘ಡೇಟಾಬೇಸ್ ಈಸ್ ಲಾಕ್ಡ್’ ಎಂಬ ದೋಷ ಬಂದದ್ದು ಒಂದೇ ದಿನ, ಅದೂ ನನ್ನ ಕೋಡ್ ಬರೆಯುವ ಕೆಲಸವನ್ನು (ಟ್ರಾನ್ಸಾಕ್ಷನ್) ಮುಗಿಸುವ ಮುನ್ನವೇ ಎಸ್‌ಎಂಎಸ್ ಕಳುಹಿಸುತ್ತಾ ಕುಳಿತಿದ್ದರಿಂದ.

ನಿಜವಾಗಿ ಕಾಡಿದ್ದು ಅದರ ಅತಿಯಾದ ಉದಾರತೆ. ಒಬ್ಬ ಅಂಗಡಿಯವರು ಚೆಂಡಿನ ಲೆಕ್ಕವನ್ನು ಕನ್ನಡ ಅಂಕಿಯಲ್ಲಿ ‘೨’ ಎಂದು ಬರೆದರು. ಪೂರ್ಣಾಂಕದ ಕಾಲಮ್ ಆಗಿದ್ದರೂ ಎಸ್‌ಕ್ಯೂಎಲೈಟ್ ಅದನ್ನು ಪಠ್ಯವಾಗಿ ಸ್ವೀಕರಿಸಿತು, ಮೊತ್ತ ಹಾಕುವಾಗ ಸೊನ್ನೆಯೆಂದು ಎಣಿಸಿತು. ಆ ದಿನ ಅವರಿಗೆ ಹೂ ಹೋಗಲೇ ಇಲ್ಲ. ಪೋಸ್ಟ್‌ಗ್ರೆಸ್ ಆಗಿದ್ದರೆ ಬಾಗಿಲಲ್ಲೇ ತಡೆಯುತ್ತಿತ್ತು. ಎಸ್‌ಕ್ಯೂಎಲೈಟ್‌ನಲ್ಲೂ 2021ರ 3.37ನೆಯ ಆವೃತ್ತಿಯಿಂದ, ತಪ್ಪು ಬಗೆಯ ಮಾಹಿತಿಯನ್ನು ನಿರಾಕರಿಸುವ ‘ಸ್ಟ್ರಿಕ್ಟ್’ ಟೇಬಲ್‌ಗಳ ಸೌಲಭ್ಯವಿದೆ; ಈಗ ನನ್ನ ಟೇಬಲ್‌ಗಳೆಲ್ಲ ಹಾಗೆಯೇ ಇವೆ, ಕನ್ನಡ ಅಂಕಿಗಳನ್ನು ಆ್ಯಪ್ ತಾನೇ ಬದಲಾಯಿಸಿಕೊಳ್ಳುತ್ತದೆ.

ಬ್ಯಾಕಪ್ ಮಾತ್ರ ಎಚ್ಚರಿಕೆಯಿಂದ ಮಾಡಬೇಕು. ನಡೆಯುತ್ತಿರುವ ಕಡತವನ್ನು ಹಾಗೆಯೇ ನಕಲು ಮಾಡಿದರೆ ಪಕ್ಕದ ವಾಲ್ ಕಡತದಲ್ಲಿರುವ ಬುಕ್ಕಿಂಗ್‌ಗಳು ತಪ್ಪಿಹೋಗಬಹುದು. ಎಸ್‌ಕ್ಯೂಎಲೈಟ್‌ನದ್ದೇ ಬ್ಯಾಕಪ್ ಆದೇಶವನ್ನು ಬಳಸಬೇಕು. ರಾತ್ರಿ ಮಲಗುವ ಮುನ್ನ ಅದರ ಒಂದು ನಕಲನ್ನು ಮನೆಯ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳುವುದು ನನ್ನ ಹಳೆಯ ಅಭ್ಯಾಸವಾದ್ದರಿಂದ ಇದು ನನಗೆ ಹೊರೆಯೆನಿಸಿಲ್ಲ. ಬೆಳಿಗ್ಗೆ ಆರರ ಫೋನ್ ಈಗಲೂ ಬರುತ್ತದೆ, ದರ ಇಳಿದ ದಿನ.