ಮಣ್ಣಿಲ್ಲದ ಸೊಪ್ಪಿನ ಗೋಪುರ: ಎಲೆಗೆ ಸೈ, ಹಣ್ಣಿಗೆ ಸುಳ್ಳು

ಎದೆಮಟ್ಟದ ಬಿಳಿ ಕೊಳವೆ, ಮೈಸುತ್ತ 24 ಗುಳಿ, ಬುಡದಲ್ಲಿ 20 ಲೀಟರಿನ ತೊಟ್ಟಿ, ಪಕ್ಕದಲ್ಲಿ ಎರಡು ಎಲ್‌ಇಡಿ ಪಟ್ಟಿ. ನಾನು ಕೊಂಡ ಹೈಡ್ರೋಪೋನಿಕ್ ಗೋಪುರ ಇಷ್ಟೇ. ಪಂಪು ನೀರನ್ನು ತುದಿಗೇರಿಸುತ್ತದೆ. ಅದು ಬೇರುಗಳನ್ನು ತೋಯಿಸುತ್ತಾ ಮತ್ತೆ ತೊಟ್ಟಿಗೇ ಇಳಿಯುತ್ತದೆ. ಲೆಟ್ಯೂಸ್, ಪುದೀನ, ಬೇಸಿಲ್ ಇದರಲ್ಲಿ ಸೊಗಸಾಗಿ ಬೆಳೆಯುತ್ತವೆ. ಹೊರಸುತ್ತಿನ ಎಲೆಗಳನ್ನು ಚಿವುಟಿಕೊಂಡಂತೆಲ್ಲ ಒಳಗಿನಿಂದ ಹೊಸವು ಬರುತ್ತವೆ. ಆದರೆ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುವ ಟೊಮೆಟೊ ಗೊಂಚಲನ್ನು ನಂಬಬೇಡಿ. ಹಣ್ಣು ಕಟ್ಟುವ ಗಿಡಕ್ಕೆ ಬೇಕಾದಷ್ಟು ಬೆಳಕು ಈ ಪಟ್ಟಿಗಳಲ್ಲಿಲ್ಲ. ಟೊಮೆಟೊ ಸಣಕಲಾಗಿ ಮೇಲೆದ್ದು, ಅದರ ಬೇರು ಕೊಳವೆಯೊಳಗಿನ ನೀರಿನ ದಾರಿಯನ್ನೇ ಮುಚ್ಚಿತು.

ನಾನು ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಕಾರಣ ಹೇಳದ ಎಚ್ಚರಿಕೆಗಳೆಂದರೆ ನನಗೆ ಸಿಟ್ಟು. ತೊಟ್ಟಿಯ ನೀರಿಗೆ ಹಾಕುವ ಎರಡು ಪೋಷಕ ದ್ರಾವಣಗಳ ಬಗ್ಗೆ ಕೈಪಿಡಿಯಲ್ಲಿ ‘ಎ ಮತ್ತು ಬಿ ದ್ರಾವಣಗಳನ್ನು ನೇರವಾಗಿ ಬೆರೆಸಬೇಡಿ’ ಎಂದಿದೆ, ಏಕೆಂದು ಇಲ್ಲ. ಒಂದರಲ್ಲಿ ಕ್ಯಾಲ್ಸಿಯಂ ಇರುತ್ತದೆ, ಇನ್ನೊಂದರಲ್ಲಿ ಫಾಸ್ಫೇಟ್ ಮತ್ತು ಸಲ್ಫೇಟ್. ನೀರು ಬೆರೆಸದ ಗಟ್ಟಿ ದ್ರಾವಣಗಳು ಕೂಡಿದರೆ ಬಿಳಿ ಗಸಿ ತಳ ಸೇರುತ್ತದೆ, ಆ ಪೋಷಕಾಂಶ ಬೇರಿಗೆ ದಕ್ಕುವುದಿಲ್ಲ. ಮೊದಲು ಎ ಹಾಕಿ, ತೊಟ್ಟಿಯ ನೀರಿನಲ್ಲಿ ಚೆನ್ನಾಗಿ ಕಲಕಿ, ಆಮೇಲೆ ಬಿ ಹಾಕಿ. ಇಷ್ಟನ್ನು ಬರೆಯಲು ಎರಡು ಸಾಲು ಸಾಕಿತ್ತು.

ನೀರಿನ ಪಿಎಚ್, ಅಂದರೆ ಅದು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದನ್ನು ಅಳೆಯಲು ಜೊತೆಗೆ ಕೊಟ್ಟಿರುವ ಕಾಗದ ಇನ್ನೂ ದೊಡ್ಡ ತಮಾಷೆ. ಸೊಪ್ಪಿನ ಬೆಳೆಗೆ ಬೇಕಾದ ಪಿಎಚ್ 5.5ರಿಂದ 6.5. ಈ ಕಾಗದದ ಬಣ್ಣ ಬದಲಾಗುವುದೇ ಒಂದೊಂದು ಅಂಕಕ್ಕೆ! ಪಿಎಚ್ 7 ದಾಟಿದರೆ ಬೇರಿಗೆ ಕಬ್ಬಿಣ ಸಿಗುವುದು ಕಷ್ಟವಾಗಿ, ನರಗಳು ಹಸಿರಾಗಿಯೇ ಉಳಿದು ಎಳೆಯ ಎಲೆ ಹಳದಿಯಾಗುತ್ತದೆ. ನನ್ನ ಬೇಸಿಲ್ ಹೀಗೆ ಹಳದಿಗಟ್ಟುತ್ತಿದ್ದಾಗ ಮೊಬೈಲ್ ಆ್ಯಪ್ ‘ಗಿಡಗಳು ಸಂತೋಷವಾಗಿವೆ’ ಎನ್ನುತ್ತಿತ್ತು. ಅದು ಅಳೆಯುವುದು ನೀರಿನ ಮಟ್ಟವನ್ನು ಮಾತ್ರ. ಆ್ಯಪ್ ತೆಗೆದುಹಾಕಿ, ಪಿಎಚ್ ಮಾಪಕವನ್ನೂ ದ್ರಾವಣದ ಸಾಂದ್ರತೆ ತಿಳಿಸುವ ಇಸಿ ಮಾಪಕವನ್ನೂ ಬೇರೆಯಾಗಿ ಕೊಳ್ಳಿ.

ತೊಟ್ಟಿಯ ಪ್ಲಾಸ್ಟಿಕ್ ತೆಳ್ಳಗಿದ್ದು ಬೆಳಕು ಒಳಗಿಳಿಯುತ್ತದೆ, ಪಾಚಿ ಕಟ್ಟುತ್ತದೆ. ಹೊರಗೆ ಅಲ್ಯೂಮಿನಿಯಂ ಹಾಳೆ ಸುತ್ತಿದ ಮೇಲೆ ಅದು ನಿಂತಿತು. ಬೇಸಿಗೆಯ ಪಾಡು ಇಷ್ಟು ಸುಲಭವಲ್ಲ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಇಳಿಯುತ್ತದೆ, ಪಿಥಿಯಂ ಎಂಬ ಬೇರುಕೊಳೆ ರೋಗಾಣುವಿಗೆ ಅದೇ ಹಬ್ಬ. 18ರಿಂದ 22 ಡಿಗ್ರಿಯಲ್ಲಿ ಬೇರು ಬೆಳ್ಳಗೆ ಗಟ್ಟಿಯಾಗಿರುತ್ತದೆ. ಕಂದು ಬಣ್ಣಕ್ಕೆ ತಿರುಗಿ ಲೋಳೆಯಾದರೆ ಆ ಗಿಡವನ್ನು ಕಿತ್ತು, ತೊಟ್ಟಿಯನ್ನು ತೊಳೆಯುವುದೊಂದೇ ದಾರಿ.

ಪಂಪಿನ ಸದ್ದು ಸಹ್ಯ.

ಇನ್ನು ವಿದ್ಯುತ್ತು. ಎರಡೂ ಪಟ್ಟಿ ಸೇರಿ 60 ವ್ಯಾಟ್, ದಿನಕ್ಕೆ 16 ಗಂಟೆ ಉರಿಸಿದರೆ ಹೆಚ್ಚುಕಡಿಮೆ ಒಂದು ಯೂನಿಟ್. ಅದಕ್ಕೆ ಪ್ರತಿಯಾಗಿ ಸಿಗುವ ಲೆಟ್ಯೂಸಿನ ತೂಕದಲ್ಲಿ ಶೇಕಡ 95ರಷ್ಟು ನೀರು. ಕೊಲಂಬಿಯಾ ವಿಶ್ವವಿದ್ಯಾಲಯದ ಡಿಕ್ಸನ್ ಡೆಸ್ಪೊಮಿಯರ್ 1999ರಲ್ಲಿ ವಿದ್ಯಾರ್ಥಿಗಳೊಂದಿಗೆ ಲಂಬ ಕೃಷಿಯ ಕಲ್ಪನೆಯನ್ನು ಬೆಳೆಸಿದಾಗ, ಬಹುಮಹಡಿ ಕಟ್ಟಡಗಳೇ ನಗರಕ್ಕೆ ಉಣಿಸುವ ಕನಸಿತ್ತು. ಕಂಪನಿಗಳು ಬಂದವು, ಬಹುಪಾಲು ಬೆಳೆದದ್ದು ಸೊಪ್ಪನ್ನೇ. ಏರೋಫಾರ್ಮ್ಸ್ 2023ರ ಜೂನ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು, ಬೌರಿ ಫಾರ್ಮಿಂಗ್ 2024ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ಗಾಜಿನ ಹಸಿರುಮನೆಗೆ ಸೂರ್ಯ ಪುಕ್ಕಟೆಯಾಗಿ ಬೆಳಕು ಕೊಡುತ್ತಾನೆ. ಮುಚ್ಚಿದ ಕೋಣೆಯ ತೋಟ ಪ್ರತಿ ಕಿರಣಕ್ಕೂ ಹಣ ತೆರಬೇಕು. ಗೋಪುರದ ಲೆಕ್ಕವೂ ಅದೇ.

ಹಾಗಾಗಿ ನನ್ನದನ್ನು ಬಿಸಿಲು ಬೀಳುವ ಕಿಟಕಿಯ ಪಕ್ಕಕ್ಕೆ ಸರಿಸಿ, ದೀಪವನ್ನು ಮೋಡದ ದಿನಗಳಿಗಷ್ಟೇ ಇಟ್ಟುಕೊಂಡಿದ್ದೇನೆ. ಅಂಥ ಕಿಟಕಿ ಇದ್ದವರು ದೀಪವಿಲ್ಲದ ಮಾದರಿಯನ್ನೇ ಕೊಳ್ಳಿ. ಗೋಪುರದ ತಯಾರಕರದೇ ಬೀಜದ ಗುಳಿಗೆಗಳ ಚಂದಾ ಬೇಡ, ಸಾದಾ ಸ್ಪಂಜಿನ ತುಂಡು ಅದೇ ಗುಳಿಯಲ್ಲಿ ಚೆನ್ನಾಗಿ ಕೂರುತ್ತದೆ. 5ರಲ್ಲಿ 3 ನಕ್ಷತ್ರ. ಟೊಮೆಟೊ ಚಿತ್ರವನ್ನು ತೆಗೆದರೆ ಇನ್ನೊಂದು ಕೊಡುತ್ತೇನೆ.