ಮಾರಾಟದ ಮೇಲ್: ಅಂಗಡಿ ಹೆಸರೋ, ನಮ್ಮ ಹೆಸರೋ?

ನಮ್ಮದು ಚಿಕ್ಕ ಕಾಫಿಪುಡಿ ವ್ಯಾಪಾರ. ಹಳೇ ಗಿರಾಕಿಗಳಿಗೆ ಆಗಾಗ ಮೇಲ್ ಕಳಿಸುತ್ತೇವೆ. ಪಟ್ಟಿಯನ್ನು ಎರಡು ಪಾಲು ಮಾಡಿ, ಒಂದೇ ಮೇಲನ್ನು ಕಳಿಸುವವರ ಜಾಗದಲ್ಲಿ ಬೇರೆ ಬೇರೆ ಹೆಸರು, ಬೇರೆ ಬೇರೆ ಸಬ್ಜೆಕ್ಟ್‌ನಲ್ಲಿ ಕಳಿಸಿ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಗೆಲುವು ಸೋಲು ಅಳೆಯುವುದು ಆರ್ಡರ್ ಮತ್ತು ಉತ್ತರಗಳಿಂದ. ಎಷ್ಟು ಜನ ತೆರೆದರು ಎಂಬ ಲೆಕ್ಕ ನಂಬುವಂತಿಲ್ಲ. ಮೇಲ್‌ನೊಳಗಿನ ಚಿತ್ರ ಇಳಿದರೆ ಮೇಲ್ ತೆರೆದರು ಎಂದು ಎಣಿಸುವ ಲೆಕ್ಕ ಅದು. 2021ರಿಂದ ಆಪಲ್ ಮೇಲ್, ಗೌಪ್ಯತೆಯ ಸೆಟ್ಟಿಂಗ್ ಆನ್ ಇದ್ದರೆ, ಮೇಲ್‌ನ ಚಿತ್ರಗಳನ್ನು ತಾನೇ ಮೊದಲೇ ಇಳಿಸಿಕೊಳ್ಳುತ್ತದೆ. ಯಾರೂ ನೋಡದಿದ್ದರೂ ತೆರೆದಂತೆ ಕಾಣುತ್ತದೆ.

ಬರೀ ಅಂಗಡಿ ಹೆಸರು ಹಾಕಿದರೆ ತೊಂದರೆಯಿಲ್ಲ, ಉತ್ಸಾಹವೂ ಇಲ್ಲ. ಬರೀ ನನ್ನ ಹೆಸರು ಹಾಕಿದಾಗ ‘ನೀವು ಯಾರು?’ ಎಂಬ ಉತ್ತರಗಳು ಬಂದವು. ಕೆಲವರು ಪಟ್ಟಿಯಿಂದಲೇ ಹೊರಟರು. ನನ್ನ ಹೆಸರಿನ ಪಕ್ಕ ಅಂಗಡಿ ಹೆಸರು ಇಟ್ಟಿದ್ದು ಎಲ್ಲಕ್ಕಿಂತ ಚೆನ್ನಾಗಿ ನಡೆಯಿತು. ಎರಡೂ ಗಿಡ್ಡವಾಗಿರಬೇಕು ಅಷ್ಟೇ, ಫೋನಿನಲ್ಲಿ ಬಾಲ ಕತ್ತರಿಸಿಹೋಗುತ್ತದೆ. ಉತ್ತರ ಬರೆಯಲಾಗದ ‘ನೋ ರಿಪ್ಲೈ’ ವಿಳಾಸವಂತೂ ಬೇಡವೇ ಬೇಡ. ‘ಈ ಸಲ ಚಿಕೋರಿ ಕಡಿಮೆ ಹಾಕಿ’ ಎಂದು ಬರೆಯುವವರೇ ಅಲ್ವಾ ನಿಜವಾದ ಗಿರಾಕಿಗಳು?

ಸಬ್ಜೆಕ್ಟ್‌ಗೆ ಬಂದರೆ, ‘ಭರ್ಜರಿ ರಿಯಾಯಿತಿ! ಇಂದೇ ಕೊನೆ!!’ ಎನ್ನುವುದು ಮೊದಲ ಸಲ ಆರ್ಡರ್ ತರುತ್ತದೆ. ಮುಂದಿನ ಸಲ ಅದೇ ಜನ ರಿಯಾಯಿತಿಗೇ ಕಾಯುತ್ತಾರೆ. ಸ್ಪ್ಯಾಮ್ ಎಂದು ಒತ್ತುವವರೂ ಜಾಸ್ತಿ. ಆ ದೂರು ಶೇಕಡಾ 0.3 ಮುಟ್ಟಬಾರದು ಎಂಬುದು 2024ರಿಂದ ಜಿಮೇಲ್ ನಿಯಮ. ಅಂದರೆ ಸಾವಿರಕ್ಕೆ ಮೂರೇ ಜನ! ‘ನಿಮಗೊಂದು ವಿಷಯ ಹೇಳಬೇಕಿತ್ತು’ ಅನ್ನುವ ಗುಟ್ಟಿನ ಧಾಟಿಗೆ ಜನ ಕ್ಲಿಕ್ ಮಾಡಿದರು, ಕೊಂಡವರು ಕಡಿಮೆ. ‘ಪೀಬೆರಿ ಇವತ್ತು ಹುರಿದಿದ್ದೇವೆ’ ಎಂಬ ಸಪ್ಪೆ ಸಾಲು ಇವೆರಡನ್ನೂ ಹಿಂದೆ ಹಾಕಿತು. ಪೀಬೆರಿ ಅಂದರೆ ದುಂಡನೆಯ ಒಂಟಿ ಕಾಫಿಬೀಜ; ಏನು ಮಾರುತ್ತಿದ್ದೇವೆ ಎಂಬುದು ಮೊದಲ ಪದದಲ್ಲೇ ಇದೆ ನೋಡಿ.

ಸುಮ್ನೆ ‘ರಿ:’ ಅಂಟಿಸಿ ಹಳೇ ಮಾತುಕತೆಯಂತೆ ತೋರಿಸುವ ಚಾಳಿಯನ್ನು ನಾನು ಪ್ರಯತ್ನಿಸಲೇ ಇಲ್ಲ. ನಮ್ಮ ಕೆಲವು ಗಿರಾಕಿಗಳು ಅಮೆರಿಕದಲ್ಲಿದ್ದಾರೆ. ದಾರಿ ತಪ್ಪಿಸುವ ಸಬ್ಜೆಕ್ಟ್ ಅಲ್ಲಿನ 2003ರ ಕ್ಯಾನ್-ಸ್ಪ್ಯಾಮ್ ಕಾನೂನಿಗೆ ವಿರುದ್ಧ.

ಕನ್ನಡವೋ ಇಂಗ್ಲಿಷೋ? ಕನ್ನಡ ಸಬ್ಜೆಕ್ಟ್‌ಗೆ ಉತ್ತರಗಳು ಹೆಚ್ಚು, ಅದೂ ಆತ್ಮೀಯವಾಗಿ. ಆದರೆ ನಮ್ಮ ಅಕ್ಷರಗಳು ಅಗಲ, ಜಾಗ ಬೇಗ ಮುಗಿಯುತ್ತದೆ. ಹಳೇ ಮೇಲ್ ಹುಡುಕುವಾಗ ಜನ ಇಂಗ್ಲಿಷ್‌ನಲ್ಲೇ ಟೈಪ್ ಮಾಡುತ್ತಾರೆ. ಹಾಗಾಗಿ ಈಗ ಕಳಿಸುವವರ ಹೆಸರು ಇಂಗ್ಲಿಷ್ ಲಿಪಿಯಲ್ಲಿ, ಸಬ್ಜೆಕ್ಟ್ ಕನ್ನಡದಲ್ಲಿ.